ಮೂಸಬಾರದ ಹೂವು

ಮಾರ್ಚ್ 3

ಹೊಸ ಡೈರಿ. ಮೊದಲು ಪಾತ್ರಪರಿಚಯ ಆಗಿಬಿಡಲಿ, ಮುಂದೆ ಮುದುಕಿಯಾಗಿ ಓದುವಾಗ ಯಾರು ಯಾರೆಂದು ತಡಕಾಡುವುದು ಬೇಡ.

ನಾನು ಯಶಶ್ರೀ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕೂದಲು ನೆರೆಯುವ ವಯಸ್ಸಿನಲ್ಲಿ ಪಿಎಚ್‌ಡಿ ಎಂಬ ಹುಚ್ಚು ಹಿಡಿಸಿಕೊಂಡಿದ್ದೇನೆ. ಗಂಡ ಕಶ್ಯಪ್, ಬ್ಯಾಂಕಿನವನು, ರಾಯಚೂರಿಗೆ ವರ್ಗವಾಗಿ ಎರಡನೇ ಶನಿವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಚಾಮರಾಜಪೇಟೆಯ ಈ ಎರಡು ಕೋಣೆಯ ಮನೆಯಲ್ಲಿ ಉಳಿದವರು ನಾನು ಮತ್ತು ಅವನ ತಾಯಿ ಅಂಬುಜಮ್ಮನವರು.

ಅಂಬುಜಮ್ಮನವರಿಗೆ ಡಿಸೆಂಬರಿನಲ್ಲಿ ಸರ್ಪಸುತ್ತು ಎದ್ದಿತು. ಎಡ ಬೆನ್ನಿನಿಂದ ಎದೆಯ ಕೆಳಗಿನವರೆಗೂ ಗುಳ್ಳೆ ಸಾಲುಗಟ್ಟಿತ್ತು. ಕೆಮ್ಮಣ್ಣು ಹಚ್ಚಿಸಿದ್ದಾಯಿತು, ಡಾಕ್ಟರ ಮಾತ್ರೆಯೂ ಆಯಿತು. ಗುಳ್ಳೆ ಒಣಗಿ ಉದುರಿತು, ನೋವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಸೆರಗು ತಾಕಿದರೂ ಕಾದ ಸೌಟು ಇಟ್ಟ ಹಾಗಾಗುತ್ತದಂತೆ. ನರಗಳು ಕೆಟ್ಟಿವೆ, ವಯಸ್ಸಾಗಿದೆ, ಇದು ಹೋದರೆ ಹೋಯಿತು ಇಲ್ಲವಾದರೆ ಇಲ್ಲ ಎಂದರು ಡಾಕ್ಟರು. ದೊಡ್ಡ ಮಾತ್ರೆ ಕೊಟ್ಟರೆ ತಲೆ ಸುತ್ತಿ ಬೀಳುತ್ತಾರೆ. ಹಾಗಾಗಿ ಚಿಕ್ಕ ಮಾತ್ರೆ ಮತ್ತು ನರಳಾಟ.

ವಿಧಿಯ ತಮಾಷೆ ನೋಡು, ನನ್ನ ಪಿಎಚ್‌ಡಿ ಕೂಡ ನೋವಿನ ಮೇಲೆಯೇ. ಬಿಳಿ ಸುಂಡಿಲಿಗಳನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ ಬಿಡುತ್ತೇನೆ. ಅದರಲ್ಲಿ ಲಿನಲೂಲ್ ಅದ್ದಿದ ಹತ್ತಿ ಇರುತ್ತದೆ. ಲ್ಯಾವೆಂಡರ್, ಕೊತ್ತಂಬರಿ ಬೀಜ, ಇನ್ನೂ ಎಷ್ಟೋ ಗಿಡಗಳಲ್ಲಿರುವ ಪರಿಮಳ ಅದು. ಸ್ವಲ್ಪ ಹೊತ್ತು ಅದನ್ನು ಉಸಿರಾಡಿದ ಇಲಿಯನ್ನು ಬಿಸಿ ಮಾಡಿದ ತಟ್ಟೆಯ ಮೇಲೆ ಬಿಟ್ಟು, ಅದು ಕಾಲೆತ್ತಿ ನೆಕ್ಕಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತೇನೆ. ಸುಡುವ ಮೊದಲೇ ಎತ್ತಿಕೊಳ್ಳುತ್ತೇನೆ. ಪಕ್ಕದಲ್ಲಿ ಇನ್ನೊಂದು ಗುಂಪಿಗೆ ಬರೀ ಗಾಳಿ. ಪರಿಮಳದವು ತಡ ಮಾಡಿ, ಗಾಳಿಯವು ಬೇಗ ಕಾಲೆತ್ತಿದರೆ ಪರಿಮಳ ನೋವನ್ನು ಕಡಿಮೆ ಮಾಡುತ್ತದೆ ಎಂದು ಅರ್ಥ.

ದಿನವೆಲ್ಲ ಇಲಿಗಳ ನೋವು ಅಳೆದು ಮನೆಗೆ ಬಂದರೆ ನಡುಗೋಡೆಯಾಚೆಯಿಂದ "ಅಯ್ಯೋ ನಾರಾಯಣಾ". ಇವತ್ತು ನಾಲ್ಕು ಸಾಲು ಬರೆಯಲೂ ಆಗಲಿಲ್ಲ. ಕೊನೆಗೆ ಇಲ್ಲಿಂದಲೇ ಕೂಗಿದೆ: "ಅತ್ತೇ, ಸ್ವಲ್ಪ ತಡ್ಕೊಳ್ಳಿ, ನಂಗೆ ಬರೆಯೋದಿದೆ!"

ಆಮೇಲೆ ಸದ್ದಿಲ್ಲ. ಒಂದು ಅಧ್ಯಾಯದ ಅರ್ಧ ಮುಗಿಯಿತು.

ಮಾರ್ಚ್ 8

ತಲೆ ಕೆಟ್ಟುಹೋಗಿದೆ. ಪರಿಮಳದ ಇಲಿಗಳು ಚೆನ್ನಾಗಿ ತಡ ಮಾಡುತ್ತಿವೆ. ಆದರೆ ಬರೀ ಗಾಳಿಯ ಇಲಿಗಳೂ ತಡ ಮಾಡುತ್ತಿವೆ! ಎರಡು ವರ್ಷದಿಂದ ಇದೇ ಕಥೆ. ವ್ಯತ್ಯಾಸ ಇದ್ದೂ ಇಲ್ಲದ ಹಾಗಿದೆ.

ನನ್ನ ಗೈಡ್ ಚಕ್ರಪಾಣಿ ಸರ್ ಕನ್ನಡಕ ಹಣೆಗೇರಿಸಿಕೊಂಡು, "ನೋಡಮ್ಮಾ, ನಿನ್ನ ಪ್ಲೇಟು ಸರಿಯಾಗಿ ಕಾಯ್ತಿಲ್ಲ" ಎಂದರು. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ರವಿಕುಮಾರ್ ಹತ್ತಿರ ಥರ್ಮಾಮೀಟರು ಹಿಡಿಸಿ ಪರೀಕ್ಷಿಸಿದೆ. ಕಾಯುವುದರಲ್ಲಿ ಏನೂ ಮೋಸವಿಲ್ಲ.

"ಮೇಡಂ, ಇಲಿಗಳಿಗೆ ನೀವಂದ್ರೆ ಇಷ್ಟ ಅನ್ಸುತ್ತೆ, ನಿಮ್ಮ ಕೈಗೆ ಬಂದ್ರೆ ಸುಮ್ಮನಾಗ್ಬಿಡ್ತವೆ" ಎಂದ ರವಿಕುಮಾರ್. ಇಲಿಗಳಿಗಾದರೂ ಇಷ್ಟವಾದೆನಲ್ಲ.

ಮಾರ್ಚ್ 12

ಅಂಬುಜಮ್ಮನವರ ಹೂವಿನ ಕಾರುಬಾರು ಬರೆಯಲೇಬೇಕು, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ.

ನಾನು ಸಂಜೆ ಬರುವಾಗ ಮಾರ್ಕೆಟ್ಟಿನಿಂದಲೇ ಬಿಡಿ ಮಲ್ಲಿಗೆ ಮೊಗ್ಗು ತರಬೇಕು. ನಮ್ಮ ಬೀದಿಯ ಹೂವು ಅವರ ಕಣ್ಣಿಗೆ ಹೂವೇ ಅಲ್ಲ. ಮೈಮೇಲೆ ಸೀರೆ ನಿಲ್ಲದಿದ್ದರೂ, ಹಳೇ ಮೆತ್ತನೆಯ ಸೀರೆಯೊಂದನ್ನು ಬಲಗಡೆಗೆ ಹೊದ್ದು, ನೆನೆಸಿದ ಬಾಳೆನಾರು ಹಿಡಿದು ಕಿಟಕಿಯ ಹತ್ತಿರ ಕೂರುತ್ತಾರೆ. ದಾರದಲ್ಲಿ ಕಟ್ಟುವುದಿಲ್ಲ, ದಾರ ಮೊಗ್ಗಿನ ಕತ್ತು ಕೊಯ್ಯುತ್ತದಂತೆ. ಮಾವ ಹೋದ ಮೇಲೆ ತಾವು ಮುಡಿಯುವುದಿಲ್ಲ, ಕಟ್ಟುವುದನ್ನು ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ದೇವರಿಗೆ ಏರಿಸಿ, ಉಳಿದ ತುಂಡನ್ನು ನನಗೆ ಕೊಟ್ಟು "ಬರೀ ತಲೇಲಿ ಹೋಗ್ಬೇಡ್ವೇ" ಎನ್ನುತ್ತಾರೆ. ಬೇಡ ಎಂದರೆ ಅದೊಂದು ರಾಮಾಯಣ. ಸುಮ್ಮನೆ ಮುಡಿದುಕೊಂಡು ಹೋಗುತ್ತೇನೆ.

ದೇವರಿಗೆ ಏರಿಸುವ ಹೂವನ್ನು ಮೂಸಬಾರದು ಎಂಬುದು ಅವರ ಕಟ್ಟಳೆ. ಮದುವೆಯಾದ ಹೊಸತರಲ್ಲಿ ಗೊತ್ತಿಲ್ಲದೆ ಬುಟ್ಟಿಗೆ ಮೂಗಿಟ್ಟು "ಆಹಾ" ಎಂದೆ. ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಹೋಗಿ ಗಿಡದ ಬುಡಕ್ಕೆ ಸುರಿದರು. ನಾನು ಅತ್ತುಬಿಟ್ಟೆ. ಅವರು ಹೊಸ ಮೊಗ್ಗು ತರಿಸಿ ಮತ್ತೆ ಕಟ್ಟಿದರು.

ಅಡುಗೆಯ ಪಟ್ಟವನ್ನೂ ಬಿಟ್ಟುಕೊಟ್ಟಿಲ್ಲ. ಈ ನಾಲ್ಕು ವರ್ಷದಿಂದ ಸಾರಿಗೆ ಹಾಕುವ ಇಂಗು ಜಾಸ್ತಿಯಾಗುತ್ತಲೇ ಇದೆ. ಹೇಳಿದರೆ ಕೇಳುವವರಲ್ಲ.

ಮಾರ್ಚ್ 19

ಇವತ್ತು ಅವರಿಗೆ ಹೂ ಕಟ್ಟಲಾಗಲಿಲ್ಲ. ಎಡಗೈ ಎತ್ತಿದರೆ ಬೆನ್ನಿನಲ್ಲಿ ಎಳೆಯುತ್ತದೆ. ಬಾಳೆನಾರು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು. ಆಮೇಲೆ ಬುಟ್ಟಿಯನ್ನು ಕಾಲಿನಿಂದ ಆಚೆ ಸರಿಸಿದರು. ಹೂವಿಗೆ ಕಾಲು ತಾಗಿಸಿದ್ದನ್ನು ಈ ಮನೆಯಲ್ಲಿ ನಾನು ನೋಡಿದ್ದು ಇದೇ ಮೊದಲು.

ಮಾರ್ಚ್ 21

ಹಾಸಿಗೆ ಹಿಡಿದಿದ್ದಾರೆ. ಅಡುಗೆಯೂ ನನ್ನ ಪಾಲಿಗೆ. ಕಶ್ಯಪ್ ಫೋನಿನಲ್ಲಿ "ಒಬ್ಬ ನರ್ಸ್ ಇಡೋಣ್ವಾ" ಎಂದ. ಅವರನ್ನು ಕೇಳಿದರೆ "ಹೊರಗಿನೋರ ಮುಂದೆ ಸೆರಗಿಲ್ಲದೆ ಮಲ್ಗಲಾ?" ಎಂದರು. ಅಲ್ಲಿಗೆ ಮುಗಿಯಿತು. ನರಳಾಟ ಮತ್ತೆ ಜೋರಾಗಿದೆ. ನಾನೂ ಏನೂ ಕೂಗಲಿಲ್ಲ, ಕೂಗಿದರೆ ಪ್ರಯೋಜನವಿರಲಿಲ್ಲ.

ಮಾರ್ಚ್ 27

ಕಾಲೇಜಿನಲ್ಲಿ ಪವಾಡ. ಗಾಳಿಯ ಇಲಿಗಳು ಈ ವಾರ ಬೇಗ ಬೇಗ ಕಾಲೆತ್ತುತ್ತಿವೆ, ಪುಸ್ತಕದಲ್ಲಿ ಬರೆದ ಹಾಗೆ. ಪರಿಮಳದವು ತಡ ಮಾಡುತ್ತಿವೆ. ಚಕ್ರಪಾಣಿ ಸರ್ ಕಾಫಿ ತರಿಸಿದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಪ್ಲೇಟು ಅದೇ, ಕೋಣೆ ಅದೇ, ಇಲಿಗಳು ಅದೇ ಜಾತಿಯವು. ಹಾಗಾದರೆ ಬದಲಾಗಿದ್ದು ಏನು?

ಏಪ್ರಿಲ್ 1

ಬದಲಾಗಿದ್ದು ನಾನು.

ಮೊನ್ನೆ ಯುಗಾದಿ. ಇವತ್ತೂ ಹಬ್ಬದ ಗುಂಗು ಇಳಿದಿರಲಿಲ್ಲ, ಹತ್ತು ದಿನದಿಂದ ಬರೀ ತಲೆಯಲ್ಲಿ ಹೋಗುತ್ತಿದ್ದವಳು ಬೀದಿಯ ಮೂಲೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದು ಹೋದೆ. ಮೊದಲ ಇಲಿ ತಡ ಮಾಡಿತು. ಗಾಳಿಯ ಇಲಿ. ಎರಡನೆಯದೂ ತಡ. ಮೂರನೆಯದನ್ನು ಎತ್ತಿಕೊಳ್ಳಲು ಬಗ್ಗಿದಾಗ ಜಡೆ ಮುಂದಕ್ಕೆ ಜಾರಿತು, ಹೂವು ಇಲಿಯ ಮೂಗಿನ ಹತ್ತಿರಕ್ಕೇ ಬಂತು. ಅದು ಮೂತಿ ಎತ್ತಿ ಮೂಸಿ, ನನ್ನ ಕೈಯಲ್ಲಿ ಸುಮ್ಮನೆ ಕೂತಿತು.

ಮಲ್ಲಿಗೆಯಲ್ಲೂ ಲಿನಲೂಲ್ ಇದೆ. ಇದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ, ನನ್ನ ಮೊದಲ ಅಧ್ಯಾಯದ ಎರಡನೇ ಪುಟದಲ್ಲಿ ನಾನೇ ಬರೆದಿದ್ದೇನೆ! ಎರಡು ವರ್ಷ ದಿನಾ ಬೆಳಿಗ್ಗೆ ತಲೆತುಂಬ ಅದನ್ನೇ ಮುಡಿದು ಹೋಗಿ, ಬರೀ ಗಾಳಿ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಕೊಲ್ಲಲೇಬೇಕು, ಆ ಇಲಿಗಳೆಲ್ಲ ನನ್ನ ಅಲಂಕಾರಕ್ಕೆ ಸತ್ತವು. ಕ್ಲೋಕ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಸಾಯಂಕಾಲ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಮುಚ್ಚಿದರು.

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸರ್."

"ಹಳೇದೆಲ್ಲ ಬಿಟ್ಬಿಡು. ಹೂವಿಲ್ದೆ ಮೊದ್ಲಿಂದ ಮಾಡು. ಎಂಥಾ ಕೆಲಸ ಮಾಡಿದ್ಯಮ್ಮಾ."

ಎರಡು ವರ್ಷ ನೀರಿನಲ್ಲಿ ಹೋಮ. ಆದರೆ ನಡೆದು ಮನೆಗೆ ಬರುವಾಗ ಇನ್ನೊಂದು ಹೊಳೆಯಿತು. ಅಂಬುಜಮ್ಮನವರು ಹಾಸಿಗೆ ಹಿಡಿದದ್ದು ಯಾವಾಗ? ಹೂ ಕಟ್ಟುವುದು ನಿಂತ ಮೇಲೆ. ಮೂಸಬಾರದು ಎಂದರೂ, ಬುಟ್ಟಿಯ ಮುಂದೆ ಗಂಟೆಗಟ್ಟಲೆ ಕೂತವರು ಉಸಿರಾಡದೆ ಇದ್ದರೇ? ನನ್ನ ಇಲಿಗಳನ್ನು ಕಾದ ಹೂವು ಅವರನ್ನೂ ಅಷ್ಟು ದಿನ ಕಾಯುತ್ತಿತ್ತೇನೋ.

ಏಪ್ರಿಲ್ 4

ಬಟ್ಟಲು ತುಂಬ ಮಲ್ಲಿಗೆ ತಂದು ಅವರ ದಿಂಬಿನ ಪಕ್ಕ ಇಟ್ಟೆ. ಇಟ್ಟ ಕೂಡಲೇ ಶುರು.

"ಇದೇನೇ ಇದು? ತೆಗಿ, ದೇವ್ರ ಮನೇಲಿಡು."

"ಸ್ವಲ್ಪ ಹೊತ್ತು ಮೂಸಿ ಅತ್ತೆ. ನೋವು ಕಮ್ಮಿಯಾಗುತ್ತೆ."

"ಮೂಸೋದಾ! ನಿಮ್ಮ ಮಾವ ಹೋದ್ಮೇಲೆ ಹೂವಿನ ಹತ್ರ ಮುಖ ಇಟ್ಟಿಲ್ಲ ಕಣೇ ನಾನು. ಈಗ ಸಾಯೋ ಕಾಲಕ್ಕೆ ಶೋಕಿ ಮಾಡ್ಲಾ?"

ಬಟ್ಟಲು ದೇವರ ಮನೆಗೆ ಹೋಯಿತು. ನಾನೂ ಬಿಡುವವಳಲ್ಲ. ಸಂಜೆ ಕಾಲೇಜಿನಿಂದ ಲಿನಲೂಲನ್ನೇ ಎಣ್ಣೆಯಲ್ಲಿ ತೆಳುವಾಗಿ ಬೆರೆಸಿ, ಚಿಕ್ಕ ಬಾಟಲಿಯಲ್ಲಿ ತಂದೆ. ಡಾಕ್ಟರಿಗೆ ಫೋನು ಮಾಡಿ ಕೇಳಿದೆ. "ಮೂಸೋದ್ರಿಂದ ತೊಂದ್ರೆ ಏನಿಲ್ಲ, ಜಾಸ್ತಿ ಆಸೆ ಇಟ್ಕೋಬೇಡಿ" ಎಂದರು.

"ಇದು ಹೂವಲ್ಲ ಅತ್ತೆ, ಔಷಧಿ. ನಾನು ಇಲಿಗಳಿಗೆ ಕೊಡ್ತೀನಲ್ಲ, ಅದೇ. ಅವಕ್ಕೆ ನೋವು ಕಮ್ಮಿಯಾಗಿದೆ. ನಾನೇ ನೋಡಿದೀನಿ."

ಬಾಟಲಿಯನ್ನು ನೋಡಲಿಲ್ಲ ಅವರು, ನನ್ನ ಮುಖ ನೋಡಿದರು. ಆಮೇಲೆ "ಕೊಡು" ಎಂದರು.

ಏಪ್ರಿಲ್ 5

ಇವತ್ತು ಅಂಬುಜಮ್ಮನವರು ನರಳಲಿಲ್ಲ. ನೋವು ಕಡಿಮೆಯಾಗಿದೆ.

ಏಪ್ರಿಲ್ 6

ರಾಮನವಮಿ. ಪಾನಕ ಮಾಡಿದೆ. ಅವರು ಎರಡು ಗುಟುಕು ಕುಡಿದರು. ನರಳಾಟವಿಲ್ಲ! ಆ ಎಣ್ಣೆ ಅದ್ದಿದ ಹತ್ತಿಯನ್ನು ದಿಂಬಿನ ಮೂಲೆಗೆ ಪಿನ್ನು ಹಾಕಿ ಸಿಕ್ಕಿಸಿದ್ದೇನೆ, ಬೆಳಿಗ್ಗೆ ಸಂಜೆ ಬದಲಿಸುತ್ತೇನೆ.

ಏಪ್ರಿಲ್ 9

ಸಂತೋಷಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿ ಸದ್ದೇ ಇಲ್ಲ. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗಲೂ ಒಳಗಿನಿಂದ ಏನೂ ಕೇಳುವುದಿಲ್ಲ. ನಾನು ಕಷ್ಟಪಟ್ಟು ಓದಿದ್ದು ಒಂದು ಜೀವಕ್ಕಾದರೂ ಉಪಯೋಗವಾಯಿತು. ಯಾರು ಡಿಗ್ರಿ ಕೊಟ್ಟರೆಷ್ಟು, ಬಿಟ್ಟರೆಷ್ಟು.

"ವಾಸನೆ ಹೇಗಿದೆ ಅತ್ತೆ?" ಎಂದೆ.

"ಘಮ್ ಅಂತಿದೆ ಕಣೇ. ಥೇಟ್ ಮಲ್ಲಿಗೆ."

ಮಲ್ಲಿಗೆಯ ಹಾಗೇನೂ ಇಲ್ಲ ಅದು, ಜಜ್ಜಿದ ಕೊತ್ತಂಬರಿ ಬೀಜದ ಹಾಗಿದೆ. ಇರಲಿ, ವಯಸ್ಸಾದವರು, ಹೂವಿನ ಧ್ಯಾನದಲ್ಲಿದ್ದಾರೆ.

ಊಟ ಸೇರುತ್ತಿಲ್ಲ, ಅದೊಂದು ಚಿಂತೆ. ಕೆಳತುಟಿಯಲ್ಲಿ ಗಾಯವಾಗಿದೆ. ನಿದ್ದೆಯಲ್ಲಿ ಕಚ್ಚಿಕೊಂಡೆ ಎಂದರು. ಬಿ ವಿಟಮಿನ್ ಮಾತ್ರೆ ತಂದುಕೊಟ್ಟೆ. ಹೊದಿಕೆಯ ಅಂಚು ಬಿಟ್ಟು ದಾರ ದಾರವಾಗಿದೆ, ಭಾನುವಾರ ಹೊಲಿಯಬೇಕು.

ಏಪ್ರಿಲ್ 12

ಕಶ್ಯಪ್ ಬಂದಿದ್ದಾನೆ. ಅಮ್ಮನ ಹತ್ತಿರ ಕೂತು ಎದ್ದು ಬಂದು, "ಅಮ್ಮ ಯಾಕೆ ಮಾತೇ ಆಡ್ತಿಲ್ಲ?" ಎಂದ.

"ನೋವಿಲ್ಲ, ಅದಕ್ಕೆ. ನೆಮ್ಮದಿಯಾಗಿದ್ದಾರೆ."

"ನೆಮ್ಮದಿಯಾಗಿದ್ರೆ ನನ್ನ ಬೈತಿದ್ರು. ತೆಳ್ಳಗಾಗಿದೀಯಾ, ತಲೆಗೆ ಎಣ್ಣೆ ಹಚ್ಕೊಂಡಿಲ್ಲ ಅಂತ ಏನಾದ್ರೂ ಅಂತಿದ್ರು."

ನನಗೆ ಎಲ್ಲಿಲ್ಲದ ಕೋಪ ಬಂತು. ತಿಂಗಳಿಗೊಮ್ಮೆ ಬಂದು ತಪ್ಪು ಹುಡುಕುವುದು ಸುಲಭ. ಎರಡು ಮಾತು ಜೋರಾಗಿಯೇ ಆಡಿದೆ. ಅವನು ಅಮ್ಮನ ಕಾಲು ಒತ್ತಲು ಹೋದ. ಹಿಂದಿನಿಂದ ನೋಡಿದರೆ ಅವನೂ ಕೂದಲುದುರಿದ ಮುದುಕನ ಹಾಗೆ ಕಂಡ, ಪಾಪ.

ಏಪ್ರಿಲ್ 17

ಇವತ್ತು ತರಗತಿಯಲ್ಲಿ ನೋವಿನ ಪಾಠ. ವರ್ಷ ವರ್ಷವೂ ಹೇಳುವುದನ್ನೇ ಹೇಳಿದೆ: ಇಲಿ, ಮೊಲ ಇಂಥವೆಲ್ಲ ಬೇರೆ ಪ್ರಾಣಿಗೆ ಆಹಾರವಾಗುವಂಥವು, ನೋವನ್ನು ತೋರಿಸಿಕೊಂಡರೆ ಬೇಟೆಯಾಗುತ್ತವೆ, ಅದಕ್ಕೇ ಅದುಮಿಟ್ಟುಕೊಳ್ಳುತ್ತವೆ.

ಹಿಂದಿನ ಬೆಂಚಿನ ಮೋನಿಷಾ ಕೈ ಎತ್ತಿದಳು. "ಮೇಡಂ, ಹಾಗಿದ್ರೆ ಲೇಟಾಗಿ ಕಾಲೆತ್ತಿದ ಇಲಿಗೆ ನೋವಿಲ್ಲ ಅಂತ ಹೇಗೆ ಗೊತ್ತಾಗುತ್ತೆ? ತೋರಿಸ್ತಿಲ್ಲ ಅಷ್ಟೇ ಇರಬಹುದಲ್ವಾ?"

ಬೇರೆ ಬೇರೆ ಪರೀಕ್ಷೆ ಮಾಡಿ ತಾಳೆ ನೋಡುತ್ತೇವೆ ಎಂದೆ. ತಪ್ಪು ಉತ್ತರವಲ್ಲ. ಆದರೂ ಯಾಕೋ ಅವಳ ಮೇಲೆ ಸಿಟ್ಟು ಬಂತು. ಹಾಜರಾತಿಗಾಗಿ ಪ್ರಶ್ನೆ ಕೇಳುವ ಜಾತಿ.

ಏಪ್ರಿಲ್ 22

ಬರೆಯಬೇಕು, ಕೈ ಬರುತ್ತಿಲ್ಲ.

ಸಾಯಂಕಾಲ ಹಾಲು ಒಲೆಯ ಮೇಲಿಟ್ಟು, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದೆ. ಮೇಲಿನ ಮನೆಯ ನಾರಾಯಣಮ್ಮ ಸಿಕ್ಕರು. ನೀರಿನ ಮೋಟರು, ಮಾವಿನಕಾಯಿ, ಅವರ ಸೊಸೆ, ಎಲ್ಲ ಆಯಿತು. ಮಾತಿನ ಮಧ್ಯೆ ಹಾಲು ನೆನಪಾಗಿ, ಚಪ್ಪಲಿಯನ್ನು ಮೇಲೆಯೇ ಬಿಟ್ಟು ಬರಿಗಾಲಲ್ಲಿ ಓಡಿದೆ.

ಮೆಟ್ಟಿಲಿನ ತಿರುವಿನಲ್ಲೇ ಕೇಳಿಸಿತು. ಮನುಷ್ಯರ ದನಿ ಎಂದು ಮೊದಲು ತಿಳಿಯಲಿಲ್ಲ. ಮಾರ್ಚಿನಲ್ಲಿ ನರಳುತ್ತಿದ್ದರಲ್ಲ, ಅದು ಇದರ ಮುಂದೆ ಏನೂ ಅಲ್ಲ. ಬಾಯಿಗೆ ಬಟ್ಟೆ ತುರುಕಿ ಕಿರುಚಿದ ಹಾಗಿತ್ತು. ಮತ್ತೆ, ಮತ್ತೆ. ನಾನು ಬಾಗಿಲು ತಳ್ಳಿದೆ. ಬಾಗಿಲು ಕಿರ್ ಎಂದಿತು. ದನಿ ನಿಂತಿತು.

ಮನೆಯ ತುಂಬ ಸೀದ ಹಾಲಿನ ವಾಸನೆ. ಉಸಿರಾಡಲೂ ಆಗದಷ್ಟು. ಒಲೆ ಆರಿಸಿ ಅತ್ತೆಯ ಕೋಣೆಗೆ ಹೋದೆ. ಅಡುಗೆಮನೆಗೂ ಅವರ ಹಾಸಿಗೆಗೂ ಮಧ್ಯೆ ಒಂದು ತೆರೆದ ಬಾಗಿಲು, ಅಷ್ಟೇ. ಕಣ್ಣು ಮುಚ್ಚಿ ನೆಟ್ಟಗೆ ಮಲಗಿದ್ದರು. ಹೊದಿಕೆಯ ಅಂಚು ಒದ್ದೆಯಾಗಿತ್ತು, ಅದರಲ್ಲಿ ಹಲ್ಲಿನ ಗುರುತಿತ್ತು.

"ಬಂದ್ಯಾ? ಯಾಕೆ ಕೆಮ್ತಿದೀಯಾ?" ಎಂದರು, ಏನೂ ಆಗದವರ ಹಾಗೆ.

"ಹಾಲು ಸೀದು ಕರಕಲಾಗಿದೆ ಅತ್ತೆ. ನಿಮಗೆ ವಾಸನೆ ಬರಲಿಲ್ವಾ?"

ದಿಂಬಿಗೆ ಸಿಕ್ಕಿಸಿದ್ದ ಹತ್ತಿಯ ಕಡೆ ಅವರ ಕಣ್ಣು ಹೋಯಿತು, ಅಲ್ಲಿಂದ ನನ್ನ ಕಡೆ. ಕಳ್ಳತನ ಸಿಕ್ಕಿಬಿದ್ದ ಮಗುವಿನ ಮುಖ.

"ಯಾವಾಗಿಂದ?"

"ಕೊರೊನಾ ಬಂದಾಗ ಹೋಯ್ತಲ್ಲ. ಎಲ್ರಿಗೂ ವಾಪಸ್ ಬಂತು. ನಂಗೆ ಬರ್ಲಿಲ್ಲ."

"ಹೇಳಲಿಲ್ಲ ಯಾಕೆ?"

"ಹೇಳಿದ್ರೆ ಅಡುಗೆ ಮನೆಯಿಂದ ಎಬ್ಬಿಸ್ಬಿಡ್ತಿದ್ರಿ." ಸ್ವಲ್ಪ ತಡೆದು, "ಇಂಗು ಎಷ್ಟು ಹಾಕಿದ್ರೂ ಹಾಕಿದ ಹಾಗೇ ಅನ್ನಿಸ್ತಿರ್ಲಿಲ್ಲ" ಎಂದರು.

ಮೂಗು ಸತ್ತ ಇಲಿಗಳಿಗೆ ಈ ಪರಿಮಳ ಏನೂ ಮಾಡುವುದಿಲ್ಲ ಎಂದು ಓದಿದ್ದೇನೆ, ಪಾಠ ಹೇಳಿದ್ದೇನೆ. ಪರಿಮಳ ನೋವನ್ನು ತಡೆಯುವ ದಾರಿ ಮೂಗೊಂದೇ. ಈಕೆಗೆ ಆ ದಾರಿಯೇ ಇಲ್ಲ. ಬುಟ್ಟಿಯ ಹೂವು ಎಂದೂ ಇವರನ್ನು ಕಾದಿರಲಿಲ್ಲ. ಹತ್ತಿ, ಬಾಟಲಿ, ಪಿನ್ನು, ನನ್ನ ಸಂತೋಷ, ಎಲ್ಲ ಸುಳ್ಳು.

"ಮತ್ತೆ ಘಮ್ ಅಂತಿದೆ ಅಂದ್ರಲ್ಲ ಅತ್ತೆ."

"ಎಷ್ಟು ಆಸೆಯಿಂದ ಬಾಟ್ಲಿ ಹಿಡ್ಕೊಂಡು ನಿಂತಿದ್ದೆ ನೀನು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ನೋವು?"

"ಅದು ಇದ್ದಲ್ಲೇ ಇದೆ. ಅವತ್ತು ತಡ್ಕೊಳ್ಳಿ ಅಂದ್ಯಲ್ಲ. ತಡ್ಕೊಂಡೆ. ನೀನು ಹೊರಗೆ ಹೋದಾಗ ಒಂದಿಷ್ಟು ಬಿಟ್ಬಿಡ್ತಿದ್ದೆ. ನಿನ್ನ ಚಪ್ಲಿ ಸದ್ದು ಕೇಳಿದ್ರೆ ಬಾಯಿ ಮುಚ್ಕೋತಿದ್ದೆ. ಇವತ್ತು ಚಪ್ಲಿ ಹಾಕಿಲ್ವಾ ನೀನು?"

ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬೈಯಲಿಲ್ಲ. ಬರೀ ಚಪ್ಪಲಿಯ ವಿಷಯವೆಂಬ ಹಾಗೆ ಕೇಳಿದರು.

ಹತ್ತಿ ಕಿತ್ತು ಹಾಕಿದೆ. ನೋವಿಲ್ಲದ ಬಲಗಡೆಗೆ ಹೋಗಿ ಕೂತು ಅವರ ಕೈ ಹಿಡಿದೆ.

"ನರಳಿ ಅತ್ತೆ."

"ಏನೇ ಅದು, ಮೇಲಿನ ಮನೆಯೋರು ಏನಂದ್ಕೋತಾರೆ."

"ಅಂದ್ಕೊಳ್ಳಲಿ. ನಾನು ಎಲ್ಲೂ ಹೋಗಲ್ಲ. ಕೂಗಿ."

ಮೊದಲು ಆಗಲಿಲ್ಲ ಅವರಿಗೆ. ಅಭ್ಯಾಸ ತಪ್ಪಿಹೋಗಿತ್ತು. ತುಟಿ ಕಚ್ಚಲು ಹೋದರು, ನಾನು ಬೆರಳು ಅಡ್ಡ ಇಟ್ಟೆ. ಆಮೇಲೆ ಒಂದು ಸಲ ಹೊರಟಿತು, ಮತ್ತೆ ನಿಲ್ಲಲಿಲ್ಲ. ನಾರಾಯಣಮ್ಮ ಓಡಿಬಂದು ಬಾಗಿಲಲ್ಲಿ ನಿಂತರು. "ಏನಾಯ್ತು ಯಶಶ್ರೀ, ಆಂಬುಲೆನ್ಸ್ ಕರೀಲಾ?" ಎಂದರು. ಏನೂ ಆಗಿಲ್ಲ, ಅತ್ತೆಗೆ ನೋವು ಎಂದೆ. ಅವರೂ ಒಳಗೆ ಬಂದು ಸ್ವಲ್ಪ ಹೊತ್ತು ಕೂತರು.

ಏಪ್ರಿಲ್ 24

ಡಾಕ್ಟರು ಮಾತ್ರೆ ಸ್ವಲ್ಪ ಹೆಚ್ಚಿಸಿದ್ದಾರೆ. ಅತ್ತೆಗೆ ತಲೆಸುತ್ತು, ಬಚ್ಚಲಿಗೆ ನಾನೇ ಹಿಡಿದು ಕರೆದುಕೊಂಡು ಹೋಗಬೇಕು. ನೋವು ಇಳಿದಿಲ್ಲ. "ಇಷ್ಟೇ ಅಮ್ಮಾ, ಇದರ ಜೊತೇಲೇ ಇರ್ಬೇಕು" ಎಂದರು ಡಾಕ್ಟರು. ಇನ್ನು ಕೇಳಲು ಯಾರೂ ಉಳಿದಿಲ್ಲ.

ಏಪ್ರಿಲ್ 30

ಅತ್ತೆ ನರಳಿದರು. ಗಂಜಿ ಕುಡಿದರು. ನರಳಿದರು.

ಮೇ 6

ಹೊಸ ಪ್ರಯೋಗ ಮುಗಿಯಿತು, ಹೂವಿಲ್ಲದೆ. ಗಾಳಿಯ ಇಲಿಗಳು ಬೇಗ, ಪರಿಮಳದ ಇಲಿಗಳು ತಡ. ಸಂದೇಹವೇ ಇಲ್ಲ. ಎರಡು ವರ್ಷ ಇದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದೆ.

ಚಕ್ರಪಾಣಿ ಸರ್ ನಾನು ಬರೆದದ್ದನ್ನು ಓದಿ ಹುಬ್ಬು ಗಂಟಿಕ್ಕಿದರು. "ಇದೇನಿದು, ಕಾಲು ನೆಕ್ಕಲು ತಡ ಮಾಡಿದವು? ನೋವು ಕಡಿಮೆಯಾಯಿತು ಅಂತ ಬರಿ."

"ನನಗೆ ಕಂಡಿದ್ದು ಅಷ್ಟೇ ಸರ್. ತಡ ಮಾಡಿದ್ದು ಕಂಡಿತು. ನೋವು ಕಮ್ಮಿಯಾಗಿದ್ದು ಕಾಣ್ಲಿಲ್ಲ."

"ಅದನ್ನೇ ಅಲ್ವೇನಮ್ಮಾ ಎಲ್ರೂ ನೋವು ಕಡಿಮೆ ಅಂತ ಬರೆಯೋದು? ಈ ವೇದಾಂತ ನೋಡಿದ್ರೆ ಯಾವ ಪತ್ರಿಕೆಯವರೂ ಹಾಕ್ಕೊಳ್ಳಲ್ಲ. ಒಂದು ಪದ ಬದಲಾಯ್ಸು, ಮುಗೀತು."

ಬದಲಾಯಿಸುವುದಿಲ್ಲ ಎಂದೆ. ಇಬ್ಬರ ದನಿಯೂ ಏರಿತು. ಅವರು ಕನ್ನಡಕ ಹಣೆಯಿಂದ ಇಳಿಸಿ ಬೇರೆ ಏನನ್ನೋ ಓದತೊಡಗಿದರು. ನನ್ನ ಪಿಎಚ್‌ಡಿ ಅಲ್ಲಿಗೇ ನಿಂತ ಹಾಗೆ.

ಹೊರಡುವ ಮೊದಲು ಪ್ರಾಣಿಗಳ ಕೋಣೆಗೆ ಹೋದೆ. ಪ್ರಯೋಗ ಮುಗಿದ ಇಲಿಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ, ರವಿಕುಮಾರ್ ಪಂಜರಗಳನ್ನು ಆಚೆ ಒಯ್ಯುತ್ತಿದ್ದ. ಒಂದು ಪಂಜರದ ಮೂಲೆಯಲ್ಲಿ ಪರಿಮಳದ ಇಲಿಯೊಂದು ಬೆನ್ನು ಮುದುರಿ, ಅರೆಗಣ್ಣು ಮುಚ್ಚಿ ಕೂತಿತ್ತು. ಸದ್ದಿಲ್ಲ. ಎಷ್ಟು ಹೊತ್ತು ನೋಡಿದರೂ ಅದಕ್ಕೆ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ಮೇ 9

ಮಾರ್ಕೆಟ್ಟಿನಿಂದ ಮೊಗ್ಗು ತಂದು ಕಟ್ಟಲು ಕೂತೆ. ಬಾಳೆನಾರು ಕೈಗೆ ಬಗ್ಗುವುದಿಲ್ಲ, ಅರ್ಧ ಮೊಗ್ಗು ಕೆಳಗೆ ಉದುರಿದವು. ಅತ್ತೆ ಮಲಗಿದಲ್ಲಿಂದಲೇ ನೋಡಿ, "ಕೈ ಸಡಿಲ ಬಿಡೇ, ಕತ್ತು ಹಿಸುಕ್ತಿದೀಯಾ" ಎಂದರು, ಅಷ್ಟರಲ್ಲಿ ನೋವು ಬಂದು ಆ ಕಡೆ ತಿರುಗಿದರು. ಒಂದು ಗೇಣು ಆಯಿತು. ಅದನ್ನು ದೇವರಿಗೆ ಏರಿಸಿದೆ. ಮೂಸಲಿಲ್ಲ. ನಾನೂ ಮುಡಿಯಲಿಲ್ಲ.

ಸರ್ ಹೇಳಿದ ಪದವನ್ನು ಹಾಕುವುದೋ ಬಿಡುವುದೋ ಎಂದು ಈಗ ಈಚೆ ಕೋಣೆಯಲ್ಲಿ ಕಾಗದ ಹರವಿಕೊಂಡು ಕೂತಿದ್ದೇನೆ. ಗೋಡೆಯಾಚೆ ಅತ್ತೆ ನರಳತೊಡಗಿದ್ದಾರೆ, ಇವತ್ತು ಜೋರಾಗಿದೆ. ಬರೆಯುವುದು ಇಲ್ಲಿಗೆ ಸಾಕು, ಆಚೆ ಹೋಗಿ ಕೂರುತ್ತೇನೆ.